ದಿನಕ್ಕೆ ಇಪ್ಪತ್ತು ಸೂಜಿ

ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ನಡುಮನೆಯ ಕ್ಯಾಲೆಂಡರಿನ ಮೇಲೆ. ತಾರೀಖುಗಳ ತುಂಬ ಸೂಜಿ ಚುಚ್ಚಿಕೊಂಡಿವೆ. ಒಂದೊಂದು ಸೂಜಿಯಿಂದ ಮೊಳದುದ್ದದ ದಾರ ಇಳಿಬಿದ್ದಿದೆ. ಫ್ಯಾನು ಹಾಕಿದರೆ ದಾರಗಳೆಲ್ಲ ಒಟ್ಟಿಗೆ ಎದ್ದು ಹಾರಾಡುತ್ತವೆ. ಮೊನ್ನೆ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಮಾಸ್ತರರೊಬ್ಬರು ಬಾಗಿಲಲ್ಲೇ ನಿಂತು, ‘ಏನ್ರಿ ಇದು, ಮಾಟ ಗೀಟ ಮಾಡಿಸೀರೇನು?’ ಎಂದು ಕೇಳಿದರು. ಮಾಟವಲ್ಲ ಮಾಸ್ತರ್ರೇ, ಇದು ನನ್ನ ನೌಕರಿ ಎಂದೆ. ಅವರು ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ?

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚಹಾ ಕುಡಿದು ನಾನು ಕಿಟಕಿಯ ಪಕ್ಕ ಕೂತು ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಆ ಕ್ಯಾಲೆಂಡರಿಗೆ ಚುಚ್ಚಿಡುತ್ತೇನೆ. ಜೇವರ್ಗಿಯ ತಾಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತಗಿರಿ ಮಾಡಿ ನಿವೃತ್ತನಾದವನು ನಾನು. ಕೌದಿ ಹೊಲಿಯುವ ಹೆಂಡತಿಗೆ ಸೂಜಿ ಪೋಣಿಸಿಕೊಡುವುದನ್ನು ಸುಮ್ಮನೆ ಮಾಡುತ್ತಿದ್ದೆನೇ? ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹಳೆಯ ಸಹೋದ್ಯೋಗಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಹೆಂಡತಿಯ ಕೆಲಸಕ್ಕೆ ಕೈ ಹಚ್ಚುವ ಗಂಡ ಈ ತಾಲೂಕಿನಲ್ಲಿ ನಾನೊಬ್ಬನೇ ಎಂದು ಅವರಿಂದಲೇ ಹೇಳಿಸಿಕೊಂಡಿದ್ದೆ.

ಈ ಕೆಲಸ ಶುರುವಾದದ್ದು ಎರಡೂವರೆ ವರ್ಷದ ಹಿಂದೆ. ಒಂದು ದಿನ ಹೆಂಡತಿ ನೀಲಮ್ಮ ಸೂಜಿ ದಾರ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

‘ಜರಾ ಇದಕ್ಕ ದಾರ ಪೋಣಿಸಿ ಕೊಡ್ರಿ.’

‘ಯಾಕ, ಕೈಗಿ ಏನಾಗ್ಯದ ನಿನಗ?’

‘ಕೈಗೇನ ಆಗಿಲ್ಲ.’

ಅಷ್ಟೇ ಮಾತು. ಅರ್ಜಿಯಲ್ಲಿ ತಾರೀಖು ತಪ್ಪಿದ್ದರೆ ಎರಡೆರಡು ಸಲ ವಾಪಸು ಕಳಿಸುತ್ತಿದ್ದ ನಾನು ಈ ಅರ್ಜಿಯನ್ನು ಕಣ್ಣು ಮುಚ್ಚಿ ಮಂಜೂರು ಮಾಡಿಬಿಟ್ಟೆ. ಕೈಗೆ ಏನೂ ಆಗಿಲ್ಲ ಎಂದರೆ ಇನ್ನೆಲ್ಲಿ ಆಗಿದೆ ಎಂದು ಕೇಳಬೇಕೆಂಬ ಬುದ್ಧಿ ಹೊಳೆಯಲಿಲ್ಲ.

ಮುಚ್ಚಿಡುವುದೇನಿದೆ, ಹೇಳಿಯೇ ಬಿಡುತ್ತೇನೆ. ನೀಲಾಗೆ ಈಗ ಕಣ್ಣು ಕಾಣುವುದಿಲ್ಲ. ಬೆಳಕು ಯಾವುದು, ಕತ್ತಲೆ ಯಾವುದು ಎಂದು ತಿಳಿಯುತ್ತದೆ, ಅಷ್ಟೇ. ಕಣ್ಣು ಹೋಗುವ ಮೊದಲು ಒಂದು ಸಲ ಸಮುದ್ರ ನೋಡಬೇಕು ಎಂಬುದು ಅವಳ ಆಸೆಯಾಗಿತ್ತು. ಇಡೀ ಸಂಸಾರದಲ್ಲಿ ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದನ್ನು ನಾನು ಹಾಳು ಮಾಡಿದೆ. ಹೇಗೆ ಎಂದು ಹೇಳಬೇಕಾದರೆ ಬೆಕ್ಕಿನಿಂದ ಶುರು ಮಾಡಬೇಕು. ನಾಚಿಕೆಗೇಡಿನ ಮಾತು, ಆದರೆ ಅಲ್ಲಿಂದಲೇ ಶುರು.

ನಾನು ಹುಟ್ಟಿದ್ದು ಇಜೇರಿಯಲ್ಲಿ. ನಮ್ಮ ಮುತ್ಯಾ, ಅಂದರೆ ಅಜ್ಜ, ಲಿಂಗಪೂಜೆಗೆ ಕೂತಾಗ ಮನೆಯ ಬೆಕ್ಕು ಎದುರಿಗೆ ಬಂದು ಕಾಲು ಮಡಚಿ ಕೂರುತ್ತಿತ್ತು. ಪೂಜೆ ಮುಗಿಯುವ ತನಕ ಮಿಸುಕಾಡುತ್ತಿರಲಿಲ್ಲ. ‘ಹಿಂದಿನ ಜನ್ಮದಾಗ ಯಾರೋ ಶರಣ ಇದ್ದಾನ ಕಾಣ್ತದ’ ಎಂದು ಮುತ್ಯಾ ಬಂದವರಿಗೆಲ್ಲ ಹೇಳುತ್ತಿದ್ದ. ಜನ ಬೆಕ್ಕಿಗೂ ಕೈ ಮುಗಿದು ಹೋಗುತ್ತಿದ್ದರು. ಒಂದು ದಿನ ಆ ಶರಣ ಅರ್ಧ ತಿಂದ ಇಲಿಯನ್ನು ತಂದು ಪತ್ರಿಯ ತಟ್ಟೆಯಲ್ಲಿ ಇಟ್ಟಿತು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಮುತ್ಯಾ ಬಡಿಗೆ ಎತ್ತುತ್ತಾನೆ ಎಂದುಕೊಂಡರೆ, ಅವನು ಬಹಳ ಹೊತ್ತು ಬೆಕ್ಕನ್ನೂ ಇಲಿಯನ್ನೂ ನೋಡಿ, ‘ಇದರ ಭಕ್ತಿ ಇದು, ನಾವೇನ ಮಾಡಾಕ ಬರ್ತದ’ ಎಂದು ಎದ್ದು ಮತ್ತೊಮ್ಮೆ ಸ್ನಾನಕ್ಕೆ ಹೋದ. ಅವತ್ತಿನಿಂದ ನನಗೆ ಬೆಕ್ಕುಗಳ ಮೇಲೆ ವಿಪರೀತ ಪ್ರೀತಿ.

ಈಗಿನ ನಮ್ಮ ಬೆಕ್ಕಿನ ಹೆಸರು ಬೇಗಂ. ಬೂದು ಬಣ್ಣ, ದಪ್ಪ ಬಾಲ, ಯಾರನ್ನೂ ಲೆಕ್ಕಕ್ಕೆ ಇಡದ ನಡಿಗೆ. ಹಾಲು-ರೊಟ್ಟಿ ತಿಂದು ಬೆಳೆದದ್ದು. ನೀಲಾ ಕೌದಿ ಹರವಿಕೊಂಡು ಕೂತರೆ ಸಾಕು, ಬೇಗಂ ಬಂದು ಸರಿಯಾಗಿ ಹೊಲಿಯಬೇಕಾದ ಜಾಗದಲ್ಲೇ ಮಲಗುತ್ತದೆ. ನೀಲಾ ಅದರ ಸುತ್ತ ಹೊಲಿಯುತ್ತಾಳೆ.

ಕೌದಿಯ ಬಗ್ಗೆ ಎರಡು ಮಾತು. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಲು ಹೊಲಿಗೆ ಹಾಕುತ್ತ ಹೋಗುವುದು. ನೀಲಾಳ ತವರು ಅಫಜಲಪುರದ ಕಡೆ, ಭೀಮೆಯ ದಂಡೆಯ ಊರು. ಅವಳ ಅವ್ವನಿಂದ ಬಂದ ಕಟ್ಟಳೆಗಳಿವೆ. ನಾಲ್ಕು ಮೂಲೆಗೂ ಕೆಂಪು ತುಂಡೇ ಬರಬೇಕು. ನಡುವೆ ಬಿಳಿ ಬಟ್ಟೆ ಬರಕೂಡದು, ಅದು ಹೆಣದ ಬಟ್ಟೆಯ ಬಣ್ಣ. ಕೊನೆಯ ಮೂಲೆಯನ್ನು ನಾಲ್ಕು ಬೆರಳಿನಷ್ಟು ಬಿಟ್ಟು, ಅದರೊಳಗೆ ರೊಟ್ಟಿಯ ತುಣುಕು ಇಟ್ಟು ಮುಚ್ಚಬೇಕು. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ. ಒಮ್ಮೆ ಮನೆಯಲ್ಲಿ ಹೋಳಿಗೆ ಮಾಡಿದ ದಿನ ರೊಟ್ಟಿಯ ಬದಲು ತುಪ್ಪ ಹಚ್ಚಿದ ಹೋಳಿಗೆಯನ್ನೇ ಇಟ್ಟು ಹೊಲಿದಳು. ಬೇಗಂ ಅರ್ಧ ಗಂಟೆಯಲ್ಲಿ ಕೌದಿಯ ಹೊಟ್ಟೆ ಬಗೆದು ತನ್ನ ಹೊಟ್ಟೆ ತುಂಬಿಸಿಕೊಂಡಿತು.

ಇಷ್ಟು ಕಟ್ಟಳೆಯ ಹೆಂಗಸು ಒಂದು ಮಧ್ಯಾಹ್ನ ನನ್ನ ಹಳೆಯ ಧೋತರದ ಬಿಳಿ ತುಂಡನ್ನು ಕೌದಿಯ ನಟ್ಟನಡುವೆ ಹೊಲಿದು ಕೂತಿದ್ದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ‘ಏನಬೇ ಇದು, ನಾ ಇನ್ನೂ ಜೀವಂತ ಇದ್ದೇನಿ’ ಎಂದು ಕಿರುಚಿದೆ. ನೀಲಾ ತುಂಡಿನ ಮೇಲೆ ಬೆರಳು ಆಡಿಸಿದಳು. ‘ಹಳದಿ ಅಂತ ಮಾಡಿದ್ನಿ’ ಎಂದಳು. ‘ಹಳದಿಗೂ ಬಿಳಿಗೂ ಫರಕ ಗೊತ್ತಾಗಂಗಿಲ್ಲೇನು? ಲಕ್ಷ್ಯ ಎಲ್ಲಿ ಇರ್ತದ ನಿಂದು?’ ಎಂದು ಬೈದೆ. ಅವಳು ಕೂತಲ್ಲೇ ಹೊಲಿಗೆ ಬಿಚ್ಚತೊಡಗಿದಳು. ಬಿಚ್ಚುವಾಗ ಎರಡು ಸಲ ಬ್ಲೇಡು ಬೆರಳಿಗೆ ತಾಗಿತು. ನಾನು ಪಕ್ಕದಲ್ಲೇ ಪೇಪರು ಓದುತ್ತಿದ್ದೆ.

ಇನ್ನೊಂದು ಕೇಳಿ. ಕಲಬುರಗಿಯಲ್ಲಿ ಕೈಕೆಲಸದ ಪ್ರದರ್ಶನ ನಡೆಸುವ ಹೆಂಗಸೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಅವಳ ಮುಂದೆ ನೀಲಾ ಆಗತಾನೇ ಮುಗಿಸಿದ್ದ ಕೌದಿ ಹರವಿದೆ. ಮೂರು ಮೂಲೆ ಕೆಂಪು, ನಾಲ್ಕನೆಯದು ಗಿಳಿಹಸಿರು. ನಡುವೆ ಒಂದು ಸೀರೆಯ ತುಂಡು ತಿರುವುಮುರುವಾಗಿ ಕೂತಿತ್ತು. ನನಗೆ ಒಳಗೊಳಗೇ ಮುಜುಗರ. ಆ ಹೆಂಗಸು ಮಾತ್ರ ಕುಣಿದಾಡಿಬಿಟ್ಟಳು. ಎಂಥ ಧೈರ್ಯ, ಎಂಥ ಹೊಸ ನೋಟ, ಕಟ್ಟಳೆಯನ್ನು ಮುರಿದಿದ್ದಾರೆ ಎಂದಳು. ನಾನು ತಕ್ಷಣ ಎದೆ ಉಬ್ಬಿಸಿ, ಹೌದ್ರಿ, ಈಗೀಗ ಹೊಸ ಹೊಸದು ಮಾಡಾಕತ್ತಾಳ ಎಂದೆ. ನೀಲಾ ಗೋಡೆಗೆ ಒರಗಿ ಕೂತು ಮುಗುಳ್ನಗುತ್ತಿದ್ದಳು.

ಈಗ ಸಮುದ್ರದ ಮಾತು. ಭೀಮೆಗೆ ಮಹಾಪೂರ ಬಂದಾಗ ದಂಡೆಯ ಮೇಲೆ ನಿಂತು ನೋಡಿ ಬೆಳೆದವಳು ನೀಲಾ. ಇಷ್ಟು ನೀರು ಹೋಗಿ ಎಲ್ಲಿ ಸೇರುತ್ತದೆ, ಆ ಜಾಗ ನೋಡಬೇಕು ಎಂದು ಮದುವೆಯಾದ ಹೊಸತರಲ್ಲೇ ಹೇಳಿದ್ದಳು. ಕಾರವಾರದ ಕಡೆ ಹೋಗೋಣ ಎಂದಾಗ ನಾನು ಭೂಗೋಳ ಬಿಚ್ಚಿದೆ. ಭೀಮೆ ಕೃಷ್ಣೆಗೆ ಸೇರಿ ಮೂಡಣ ಸಮುದ್ರಕ್ಕೆ ಹೋಗುತ್ತದೆ, ನೀನು ಹೇಳುತ್ತಿರುವುದು ಪಡುವಣ ಸಮುದ್ರ, ಆ ನೀರು ಬೇರೆ ಈ ನೀರು ಬೇರೆ ಎಂದೆ. ‘ಸಮುದ್ರ ಅಂದ್ರ ಸಮುದ್ರನ ಅಲ್ಲೇನ್ರಿ, ಅದಕ್ಕೂ ತಾಲೂಕ ಇರ್ತಾವೇನು?’ ಎಂದಳು. ಉತ್ತರವಿಲ್ಲದ ಕಡತವನ್ನು ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮುಂದಿನ ವರ್ಷ ನೋಡೋಣ ಎಂದೆ. ಹಾಗೆ ಮೂವತ್ತೈದು ಮುಂದಿನ ವರ್ಷಗಳು ಕಳೆದವು.

ಹೋದ ವರ್ಷದ ಹಿಂದಿನ ವರ್ಷ ಅವಳು ಹಟ ಹಿಡಿದಳು. ಎಂದೂ ಹಟ ಮಾಡದವಳು. ದೀಪಾವಳಿ ಮುಗಿದ ಮೇಲೆ ಹೊರಡುವುದೆಂದು ಠರಾವಾಯಿತು. ನಮ್ಮ ಓಣಿಯ ಖಾಜಾಸಾಬ ಬಾಡಿಗೆ ಕಾರು ಓಡಿಸುತ್ತಾನೆ, ಅವನಿಗೂ ಹೇಳಿಯಾಯಿತು. ನೀಲಾ ಖಡಕ್ ರೊಟ್ಟಿ ಬಡಿದು, ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿದಳು. ಹೊರಡುವ ಹಿಂದಿನ ದಿನ ಟ್ರಂಕು ತೆರೆದರೆ ಒಳಗೆ, ಅವಳ ಮಡಚಿದ ಸೀರೆಗಳ ಮೇಲೆ, ಬೇಗಂ ನಾಲ್ಕು ಮರಿ ಹಾಕಿಕೊಂಡು ಮಲಗಿತ್ತು.

‘ಬಾಣಂತಿನ ಬಿಟ್ಟು ಯಾರರ ಹೋಗ್ತಾರೇನು? ಮುಂದಿನ ವರ್ಷ ಹೋಗೂಣು’ ಎಂದೆ ನಾನು.

‘ಮಹಾದೇವಿ ನೋಡ್ಕೋತಾಳಲ್ರಿ’ ಎಂದಳು ನೀಲಾ. ಮಹಾದೇವಿ ಪಕ್ಕದ ಮನೆಯವಳು, ನೀಲಾಳನ್ನು ಅಕ್ಕಾ ಅಕ್ಕಾ ಎಂದು ಜೀವ ಬಿಡುವವಳು. ಆಕೆಯೂ ಬಾಗಿಲಲ್ಲಿ ನಿಂತು ಹೂಂಗುಟ್ಟಿದಳು. ‘ಹೋಗಿ ಬರ್ರಿ ಮಾಮಾ, ಹಾಲಿಗಿ ನಾ ಇದ್ದೇನಿ.’

ನಾನು ಒಪ್ಪಲಿಲ್ಲ. ಬೆಕ್ಕಿನ ಮೇಲಿನ ಕರುಣೆ ಎಂದು ಊರೆಲ್ಲ ಹೊಗಳಿತು. ಕರುಣೆಯೂ ಇಲ್ಲ, ಮಣ್ಣೂ ಇಲ್ಲ. ಅಷ್ಟು ದೂರ ಕೂರಬೇಕಲ್ಲ ಎಂದು ನನ್ನ ಮಂಡಿ ಅಂಜಿತ್ತು. ಹೊರಗಿನ ಊಟ, ಹೊರಗಿನ ಸಂಡಾಸ, ಗೊತ್ತಿಲ್ಲದ ಊರು ಎಂದರೆ ನನಗೆ ಆಗುವುದಿಲ್ಲ. ಇಷ್ಟನ್ನು ಬಾಯಿಬಿಟ್ಟು ಹೇಳುವ ಬದಲು ಬೆಕ್ಕನ್ನು ಮುಂದೆ ಮಾಡಿದೆ. ನೀಲಾ ರೊಟ್ಟಿಯ ಡಬ್ಬಿ ತಿರುಗಿ ಒಳಗೆ ಇಟ್ಟಳು. ‘ಮುಂದಿನ ವರ್ಷ ಅಂದ್ರ ಖರೇನ ಹೋಗಬೇಕ್ರಿ’ ಎಂದಳು. ಕಟ್ಟಿದ ರೊಟ್ಟಿಯನ್ನು ಒಂದು ವಾರ ಮನೆಯಲ್ಲೇ ಕೂತು ತಿಂದೆವು.

ಆ ವರ್ಷದಲ್ಲೇ ಅವಳು ಬೇಗಂನ ಬಾಲ ತುಳಿಯತೊಡಗಿದ್ದು. ಒಂದು ಸಲವಲ್ಲ, ದಿನಕ್ಕೆ ಎರಡು ಸಲ. ಬೆಕ್ಕು ಅರಚುತ್ತಿತ್ತು, ನಾನು ಅದಕ್ಕಿಂತ ಜೋರಾಗಿ ಅರಚುತ್ತಿದ್ದೆ. ಕೊನೆಗೆ ಅವಳು ಬೆಕ್ಕಿನ ಕೊರಳಿಗೆ ಎತ್ತಿನ ಹಳೆಯ ಗೆಜ್ಜೆಯೊಂದನ್ನು ಕಟ್ಟಿದಳು. ಇಲಿಗಳಿಗೆ ಮೊದಲೇ ನೋಟೀಸು ಹೋಗುತ್ತದಲ್ಲ ಎಂದು ನಾನು ತಮಾಷೆ ಮಾಡಿದೆ. ಓಣಿಯಲ್ಲಿ ಆ ತಮಾಷೆ ಚೆನ್ನಾಗಿ ಓಡಿತು.

ಅಂತೂ ಹೋದ ವರ್ಷ ಹೊರಟೆವು. ಬೇಗಂನ ಹಾಲಿನ ಹೊತ್ತು, ಮಲಗುವ ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮಹಾದೇವಿಗೆ ಕೊಟ್ಟೆ. ನೀಲಾಗೆ ಒಂದು ಮಾತ್ರೆಯಾದರೂ ಬೇಕೇ ಎಂದು ಕೇಳಿದ ನೆನಪಿಲ್ಲ. ಸಿಂದಗಿ, ವಿಜಯಪುರ, ಹುಬ್ಬಳ್ಳಿ ದಾಟಿ ಘಟ್ಟ ಇಳಿದು ಅಂಕೋಲಾ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಖಾಜಾಸಾಬ ಹಿಂದೊಮ್ಮೆ ಮದುವೆಯ ದಿಬ್ಬಣ ಕರೆದುಕೊಂಡು ಆ ಕಡೆ ಬಂದಿದ್ದನಂತೆ. ‘ಇಲ್ಲಿ ನೋಡಬ್ಯಾಡ್ರಿ ಸಾಬ್. ನಾಳಿ ಮರವಂತೆಗಿ ಹೋಗೂಣು. ಒಂದ ಕಡಿ ದರಿಯಾ, ಒಂದ ಕಡಿ ನದಿ, ನಡುವ ನಮ್ಮ ರೋಡ. ಅಮ್ಮಾರು ಒಮ್ಮಿ ನೋಡಿದ್ರ ಜನ್ಮಪೂರ್ತಿ ಮರಿಯಂಗಿಲ್ಲ’ ಎಂದ.

ಮರುದಿನ ಬೆಳಗಾಗುತ್ತಲೇ ಹೊರಟೆವು. ನೀಲಾ ಮೊದಲ ಸಲ ಮುಂದಿನ ಸೀಟು ಕೇಳಿದಳು. ಗಾಜು ಇಳಿಸಿ ಕೈ ಹೊರಗಿಟ್ಟಳು. ಕೈ ಒಳಗೆ ತಗೋ ಎಂದು ನಾನು ಹಿಂದಿನಿಂದ ಹುಕುಂ ಮಾಡುತ್ತಲೇ ಇದ್ದೆ. ಆ ದಾರಿಯನ್ನು ಏನೆಂದು ಹೇಳಲಿ? ನಮ್ಮ ಕಡೆ ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಮಣ್ಣು, ತೊಗರಿ, ಮತ್ತೆ ತೊಗರಿ. ಇಲ್ಲಿ ಒಂದು ತಿರುವು ಮುಗಿದರೆ ತೆಂಗಿನ ತೋಟ, ಇನ್ನೊಂದು ತಿರುವಿಗೆ ಉಪ್ಪಿನ ಗದ್ದೆ, ಗುಡ್ಡದ ಸಂದಿಯಲ್ಲಿ ಚೂರು ನೀರು ಮಿಂಚಿ ಮಾಯ. ಹೊನ್ನಾವರದ ಸೇತುವೆ ಬಂದಾಗ ಶರಾವತಿ ಅಗಲಕ್ಕೆ ಮಲಗಿತ್ತು, ದೋಣಿಗಳು ನಿಂತಿದ್ದವು. ‘ನೀರ ಬಂತಲ್ರಿ’ ಎಂದಳು ನೀಲಾ. ಗಾಳಿ ತಣ್ಣಗಾದದ್ದರಿಂದ ಗೊತ್ತಾಯಿತೆಂದು ಆಮೇಲೆ ಹೇಳಿದಳು. ನಾನು ಅವಳ ಕಣ್ಣು ಬಲು ಚುರುಕು ಎಂದುಕೊಂಡೆ.

ಭಟ್ಕಳದ ಹತ್ತಿರ ಚಹಾಕ್ಕೆ ನಿಂತೆವು. ಪಕ್ಕದಲ್ಲೇ ಮೀನಿನ ಪೇಟೆ. ನಾನು ಟವೆಲಿನಿಂದ ಮೂಗು ಮುಚ್ಚಿಕೊಂಡವನು ಅಲ್ಲಿನ ಬೆಕ್ಕುಗಳನ್ನು ನೋಡಿ ಟವೆಲು ತೆಗೆದೆ. ಎಂಥ ಬೆಕ್ಕುಗಳು! ಒಂದೊಂದೂ ನಮ್ಮ ಬೇಗಂನ ಎರಡರಷ್ಟು. ಆಳಂದದಲ್ಲಿರುವ ಮಗಳು ಕೊಡಿಸಿದ ಹೊಸ ಫೋನು ಕೈಯಲ್ಲಿತ್ತು. ಒಂದೊಂದರ ಹಿಂದೆ ಹೋಗಿ ಫೋಟೊ ತೆಗೆದೆ.

‘ಲಗೂ ನಡೀರಿ. ಛಲೋ ಬೆಳಕ ಇದ್ದಾಗ ಮುಟ್ಟೂಣು’ ಎಂದು ನೀಲಾ ಕಾರಿನಿಂದಲೇ ಕರೆದಳು.

‘ಬೆಳಕ ಎಲ್ಲಿ ಓಡಿ ಹೋಗ್ತದ? ಈಗಿನ್ನ ಹೊತ್ತ ಏರಾಕತ್ತದ’ ಎಂದೆ. ಅರ್ಧ ಗಂಟೆ ಅಲ್ಲೇ ಹೋಯಿತು.

ಮರವಂತೆ ಮುಟ್ಟಿದಾಗ ಖಾಜಾಸಾಬ ಹೇಳಿದ್ದು ಸುಳ್ಳಾಗಿರಲಿಲ್ಲ. ಎಡಕ್ಕೆ ನದಿ, ಬಲಕ್ಕೆ ಸಮುದ್ರ. ಅವನು ಗಾಡಿ ನಿಲ್ಲಿಸುತ್ತಲೇ ನೀಲಾ ತಾನೇ ಬಾಗಿಲು ತೆರೆದು ಇಳಿದಳು, ಸಮುದ್ರದ ಕಡೆ ಎರಡು ಹೆಜ್ಜೆ ಇಟ್ಟಳು. ನಾನು ಫೋನು ಹಿಡಿದು ಓಡಿದೆ.

‘ಏ ನೀಲಾ, ಈ ಕಡಿ ತಿರುಗು. ಮುಖಕ್ಕ ಬಿಸಲ ಬೀಳಬೇಕು.’

‘ಒಂದ ನಿಮಿಷ ತಡೀರಿ, ನೋಡ್ತೇನಿ.’

‘ನೋಡೂದು ಇದ್ದದ್ದ ಅದ. ಮೊದಲ ಫೋಟೊ ಆಗ್ಲಿ.’

ನೀಲಾ ತಿರುಗಿದಳು. ನನ್ನ ಹಿಂದೆ ನದಿ, ಅದರ ಮೇಲೆ ಏರಿದ ಸೂರ್ಯ, ನೀರಿನಿಂದ ಇಮ್ಮಡಿಯಾಗಿ ಏಳುವ ಝಳ. ಎಲ್ಲವೂ ಅವಳ ಮುಖಕ್ಕೆ. ಸೆರಗು ಸರಿ ಮಾಡು, ಗದ್ದ ಎತ್ತು, ಕಣ್ಣು ಬಿಡು, ಯಾಕೆ ಕಣ್ಣು ಮುಚ್ಚುತ್ತೀ ಎಂದು ನಾನು ಹೇಳುತ್ತಲೇ ಇದ್ದೆ. ‘ಸಾಬ್, ಅಮ್ಮಾರ ಕಣ್ಣಾಗ ನೀರ ಸುರ್ಯಾಕತ್ತದ್ರಿ’ ಎಂದ ಖಾಜಾಸಾಬ. ‘ಬಿಸಲಿಗಿ, ಏನ ಆಗಂಗಿಲ್ಲ’ ಎಂದೆ. ಇಪ್ಪತ್ತೋ ಇಪ್ಪತ್ತೈದೋ ಫೋಟೊ ಆದ ಮೇಲೆ, ಈಗ ನೋಡು ಎಂದು ಬಿಟ್ಟೆ.

ಅವಳು ನಿಂತಲ್ಲೇ ನಿಂತಿದ್ದಳು. ‘ಯಾವ ಕಡಿ ಅದ್ರಿ?’ ಎಂದು ಕೇಳಿದಳು.

ತಮಾಷೆ ಎಂದುಕೊಂಡು ನಕ್ಕೆ. ಅವಳು ಸದ್ದಿನ ಕಡೆಗೆ ನಡೆದಳು. ಚಪ್ಪಲಿ ಬಿಡಲಿಲ್ಲ, ಸೀರೆ ಎತ್ತಲಿಲ್ಲ, ನೆಟ್ಟಗೆ ತೆರೆಯೊಳಗೆ ಹೋಗಿ ಮುಗ್ಗರಿಸಿ ಮೊಣಕಾಲ ಮೇಲೆ ಬಿದ್ದಳು. ನಾನು ಹೋಗಿ ಕೈ ಚಾಚಿದೆ. ಅವಳೂ ಕೈ ಚಾಚಿದಳು. ಅವಳ ಕೈ ನನ್ನ ಕೈಯಿಂದ ಒಂದು ಮೊಳ ದೂರ, ನಾನಿಲ್ಲದ ಕಡೆ ಗಾಳಿಯಲ್ಲಿ ತಡಕಾಡುತ್ತಿತ್ತು. ಆಗ ಗೊತ್ತಾಯಿತು. ಮೂವತ್ತಾರು ವರ್ಷ ಒಂದೇ ಮನೆಯಲ್ಲಿದ್ದು, ದಿನಕ್ಕೆ ಇಪ್ಪತ್ತು ಸೂಜಿ ಪೋಣಿಸಿ, ಆಗ ಗೊತ್ತಾಯಿತು.

‘ಕಾಣಂಗಿಲ್ಲೇನ ನಿನಗ?’

‘ಇಲ್ರಿ. ಭಾಳ ದಿನ ಆತು. ಜರಡಿ ತೂತಿನಾಗ ಹಾದು ನೋಡಿದಂಗ ಇಷ್ಟಿಷ್ಟ ಕಾಣ್ತಿತ್ತು.’

‘ಯಾಕ ಹೇಳಲಿಲ್ಲ?’

‘ಹೇಳಿದ್ರ ಮೊದಲ ದವಾಖಾನಿ ಅಂತಿದ್ರಿ. ಒಂದು ಕೆಲಸ ಮುಗಿಯೂತನಕ ಇನ್ನೊಂದಕ್ಕ ಕೈ ಹಾಕೂದಿಲ್ಲ ನೀವು. ಸಮುದ್ರ ನೋಡಿ ಬಂದು ಹೇಳಿದರಾತು ಅಂತ ಹೋದ ವರ್ಷನ ಅಂದ್ಕೊಂಡಿದ್ನಿ.’

ಆ ವರ್ಷ. ಬೇಗಂ ಟ್ರಂಕಿನಲ್ಲಿ ಮರಿ ಹಾಕಿದ ವರ್ಷ. ನಾನು ನೀರಿನಲ್ಲೇ ಅವಳ ಪಕ್ಕ ಕೂತುಬಿಟ್ಟೆ. ಸಮುದ್ರ ಹೇಗಿದೆ ಹೇಳ್ರಿ ಎಂದಳು. ದೊಡ್ಡದಿದೆ ಎಂದೆ. ನೀಲಿಯಾಗಿದೆ ಎಂದೆ. ಮತ್ತೆ ದೊಡ್ಡದಿದೆ ಎಂದೆ. ಮೂವತ್ತನಾಲ್ಕು ವರ್ಷ ಟಿಪ್ಪಣಿ ಬರೆದವನಿಗೆ ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ. ‘ಹೋಗಲಿ ಬಿಡ್ರಿ, ಸಪ್ಪಳ ಛಲೋ ಅದ’ ಎಂದಳು ಅವಳು.

ವಾಪಸು ಬಂದು ಕಲಬುರಗಿಯ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಒಂದು ವರ್ಷ ಮೊದಲು ಬಂದಿದ್ದರೆ ಇದ್ದಷ್ಟನ್ನು ಉಳಿಸಬಹುದಿತ್ತು ಎಂದರು. ಡಾಕ್ಟರರು ನನ್ನನ್ನು ನೋಡಿ, ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ನಾನು ಗೋಡೆಯ ಮೇಲಿನ ಅಕ್ಷರಗಳ ಪಟ್ಟಿ ನೋಡುತ್ತ ಕೂತೆ. ಕೊನೆಯ ಸಾಲಿನ ಸಣ್ಣ ಅಕ್ಷರಗಳೂ ನನಗೆ ಸ್ವಚ್ಛವಾಗಿ ಕಾಣುತ್ತಿದ್ದವು.

ಊರಿನಲ್ಲಿ ನನ್ನ ಮಾನ ಉಳಿಸಿದವಳು ನೀಲಾನೇ. ಯಾರು ಕೇಳಿದರೂ ಸಮುದ್ರ ನೋಡಿದೆ, ಭಾಳ ಛಲೋ ಇತ್ತು ಎನ್ನುತ್ತಿದ್ದಳು. ನಾನೂ ಒಂದು ಸಮಾಧಾನ ಹುಡುಕಿಕೊಂಡಿದ್ದೆ. ಹೋಗುವ ಮೊದಲೇ ಕಣ್ಣು ಹೋಗಿತ್ತು, ತಪ್ಪು ಆ ಹಿಂದಿನ ವರ್ಷದ್ದು, ಸಮುದ್ರದ ದಂಡೆಯಲ್ಲಿ ನನ್ನಿಂದ ಬೇರೆ ತಪ್ಪೇನೂ ಆಗಲಿಲ್ಲ ಎಂದು. ಆ ಸಮಾಧಾನ ಹೋದ ವಾರದ ತನಕ ಬಾಳಿತು.

ಹೋದ ವಾರ ಮಧ್ಯಾಹ್ನ ಮಹಾದೇವಿ ಬಂದಳು. ನೀಲಾ ಕೌದಿಯ ಮೇಲೆ ಬೆರಳಿಟ್ಟು, ಸಾಲಿನ ದಾರಿ ಹಿಡಿದು ಹೊಲಿಯುತ್ತಿದ್ದಳು. ಮಹಾದೇವಿ ನನ್ನ ಫೋನು ತೆಗೆದುಕೊಂಡು ಒಂದೊಂದೇ ಫೋಟೊ ಸರಿಸುತ್ತ, ‘ಯವ್ವಾ, ಅಕ್ಕಾ! ನಿಮ್ಮ ಹಿಂದ ಎಷ್ಟ ಚಂದ ಕಾಣಾಕತ್ತದ್ರಿ ಸಮುದ್ರ, ನೀಲಿ ಅಂದ್ರ ನೀಲಿ!’ ಎಂದಳು.

ನೀಲಾ ಹೊಲಿಗೆ ನಿಲ್ಲಿಸಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

‘ಹೌದವಾ, ನೀಲೀನ ಇತ್ತು. ಕಾರ ಇಳಿಯೂಮುಂದ ನನಗೂ ಒಂದು ಎಳಿಯಷ್ಟು ಕಂಡಿತ್ತು. ಇನ್ನೊಂದಿಷ್ಟು ನೋಡೂಣು ಅನ್ನೂದರಾಗ ಇವರು ಈ ಕಡಿ ತಿರುಗು ಅಂದ್ರು. ತಿರುಗಿದ್ನಿ.’